ಕೈತೋಟದ ಪಾಠ ಒಂದು ದಿನದ್ದಲ್ಲ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆಯುವಂತಿಲ್ಲ, ಕಾರಂಜಿ ಹಾರಿಸುವಂತಿಲ್ಲ, ಗಿಡಗಳಿಗೂ ಹಾಕುವಂತಿಲ್ಲ. ತಪ್ಪಿದರೆ 5000 ರೂಪಾಯಿ ದಂಡ. ಅದರ ಹಿಂದಿನ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನಗರದ ಕೊಳವೆಬಾವಿಗಳು ಒಂದರ ಹಿಂದೊಂದು ಬತ್ತಿದ್ದವು. ಏಪ್ರಿಲ್ 28ರಂದು ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು ಜೂನ್ ತಿಂಗಳ 133 ವರ್ಷಗಳ ಹಳೆಯ ದಾಖಲೆ ಅಳಿಸಿಹೋಯಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಕುಂಡದ ಕೆಳಗಿಟ್ಟ ತಟ್ಟೆಯ ನೀರಿನಲ್ಲಿ ಸೊಳ್ಳೆ ಮರಿ ಹುಡುಕುತ್ತ ಆರೋಗ್ಯ ಸಿಬ್ಬಂದಿ ಮನೆಮನೆ ಹತ್ತಿದರು.

ತಾರಸಿಯಲ್ಲಿ ತರಕಾರಿ ಬೆಳೆಯುವವರ ಪಾಲಿಗೆ ಆ ವರ್ಷ ದೊಡ್ಡ ಪರೀಕ್ಷೆಯೇ ಆಯಿತು. ನೀರಿಲ್ಲದ ಬೇಸಿಗೆ, ಹೂವುದುರಿಸುವ ಬಿಸಿಲು, ಬೇರು ಕೊಳೆಸುವ ಮಳೆ ಎಲ್ಲವೂ ಆರೇಳು ತಿಂಗಳೊಳಗೆ ಬಂದುಹೋದವು. ಕೈತೋಟದ ತರಬೇತಿ ಪಡೆದವರೂ ಕುಂಡ ಖಾಲಿ ಮಾಡಿ ಮೂಲೆಗಿಟ್ಟರು. ಇನ್ನು ಕೆಲವರ ಮನೆಯಲ್ಲಿ ಅದೇ ಬೇಸಿಗೆಯಲ್ಲೂ ದಂಟು, ಬಸಳೆ, ಅಲಸಂದೆ ಒಲೆಯ ಮೇಲೇರುತ್ತಲೇ ಇದ್ದವು. ಈ ಎರಡು ಬಗೆಯವರ ನಡುವಿನ ವ್ಯತ್ಯಾಸ ಏನು? ನಮ್ಮ ಕಾರ್ಯಾಗಾರಗಳು ಏನನ್ನು ಕಲಿಸುತ್ತಿವೆ, ಏನನ್ನು ಬಿಡುತ್ತಿವೆ? ಹವಾಮಾನ ಹೀಗೆ ಹದ ತಪ್ಪಿರುವಾಗ ಕೇಳಲೇಬೇಕಾದ ಪ್ರಶ್ನೆ ಇದು.

ಕರ್ನಾಟಕದಲ್ಲಿ ಈ ಕಲಿಕೆಗೆ ಒಳ್ಳೆಯ ಪರಂಪರೆಯೇ ಇದೆ. ಲಾಲ್‌ಬಾಗಿನಲ್ಲಿ ತೋಟಗಾರಿಕೆ ಇಲಾಖೆ ಬಹುಕಾಲದಿಂದ ಮನೆಯಂಗಳದ ತೋಟಕ್ಕೆ ಪ್ರೋತ್ಸಾಹ ಕೊಡುತ್ತ ಬಂದಿದೆ. ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಕೈತೋಟಗಳ ಸ್ಪರ್ಧೆಯೂ ನಡೆಯುತ್ತದೆ. ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ 1990ರ ದಶಕದಲ್ಲೇ ಬೆಂಗಳೂರಿನ ಜನರಿಗೆ ಸಾವಯವ ತಾರಸಿ ತೋಟದ ಪಾಠ ಹೇಳಲು ಹೊರಟರು. ಸಿಮೆಂಟಿನ ಮೇಲೆ ಬದನೆ ಬೆಳೆಯುತ್ತದೆಂದರೆ ಜನ ನಂಬದಿದ್ದ ಕಾಲ ಅದು. ಅವರ ಕಾರ್ಯಾಗಾರಗಳಲ್ಲಿ ಕಲಿತವರು ಮುಂದೆ ತಾವೇ ಕಲಿಸುವವರಾದರು. ಆ ಬಳಗ ಗಾರ್ಡನ್ ಸಿಟಿ ಫಾರ್ಮರ್ಸ್ ಎಂಬ ಟ್ರಸ್ಟ್ ಆಗಿ, 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳ ನಡೆಸತೊಡಗಿತು. ಬೀಜ, ಗೊಬ್ಬರ, ಕುಂಡ, ಪ್ರಾತ್ಯಕ್ಷಿಕೆ, ಅನುಭವ ವಿನಿಮಯ ಎಲ್ಲ ಒಂದೇ ಆವರಣದಲ್ಲಿ ಸಿಗುವ ಇಂಥ ಮೇಳಗಳಿಂದ ಎಷ್ಟೋ ಮನೆಗಳ ತಾರಸಿ ಹಸಿರಾಗಿದೆ. ಮಂಗಳೂರಿನ ಸಾವಯವ ಕೃಷಿಕ ಗ್ರಾಹಕ ಬಳಗದವರು ಕರಾವಳಿಯ ಮಳೆಗೆ, ಉಪ್ಪುಗಾಳಿಗೆ ಹೊಂದುವ ಹಾಗೆ ಕೈತೋಟದ ತರಬೇತಿ ಕೊಡುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಗರ ತೋಟಗಾರಿಕೆಗೆಂದೇ ತಳಿ, ಹುದುಗಿಸಿದ ತೆಂಗಿನ ನಾರಿನ ಪುಡಿ, ಸೂಕ್ಷ್ಮಜೀವಿ ಗೊಬ್ಬರ, ಎತ್ತರದಲ್ಲಿ ಕುಂಡ ಜೋಡಿಸುವ ಚೌಕಟ್ಟು ಎಲ್ಲವನ್ನೂ ರೂಪಿಸಿದೆ. ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳು ‘ಪೌಷ್ಟಿಕ ಕೈತೋಟ’ದ ಹೆಸರಿನಲ್ಲಿ ಸ್ವಸಹಾಯ ಸಂಘದ ಮಹಿಳೆಯರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತವೆ.

ಜನ ಈ ಕಾರ್ಯಾಗಾರಗಳಿಗೆ ಬರುವ ಕಾರಣ ಕಾಲಕಾಲಕ್ಕೆ ಬದಲಾಗುತ್ತಿದೆ. ಮೊದಮೊದಲು ಬಂದವರಿಗೆ ಇದ್ದದ್ದು ಕೀಟನಾಶಕದ ಭಯ, ಜೊತೆಗೆ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಅಂಜಿಕೆ. ಮನೆಯ ಕಸ ಮನೆಯಲ್ಲೇ ಗೊಬ್ಬರವಾಗಲಿ ಎಂಬ ಚಳವಳಿ ಬಲಿತ ಮೇಲೆ ಇನ್ನೊಂದು ಗುಂಪು ಬಂತು. ‘ಡೈಲಿ ಡಂಪ್’ನ ಮಣ್ಣಿನ ಕಂಬಗಳು, ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಗ್ರಹ ಕಲಿಕಾ ಕೇಂದ್ರದಂಥ ಜಾಗಗಳು ಅವರನ್ನು ಗೊಬ್ಬರದಿಂದ ತೋಟಕ್ಕೆ ಕರೆತಂದವು. ಕೊರೊನಾ ಕಾಲದ ಲಾಕ್‌ಡೌನ್ ಮತ್ತಷ್ಟು ಜನರ ಕೈಗೆ ಮಣ್ಣು ಮೆತ್ತಿಸಿತು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ನರ್ಸರಿಗಳಲ್ಲಿ ಸಸಿ ಕೇಳುವವರು ಹೆಚ್ಚಿದರು. ಈಗ ಬರುವವರ ಮಾತಿನಲ್ಲಿ ಹೆಚ್ಚು ಕೇಳಿಬರುವುದು ಹವಾಮಾನ: ‘ಹೋದ ವರ್ಷ ಬಂದಿದ್ದ ಗಿಡ ಈ ವರ್ಷ ಯಾಕೆ ಬರುತ್ತಿಲ್ಲ?’

ಆದರೆ ಪಾಠ ಮಾತ್ರ ಅಷ್ಟು ಬೇಗ ಬದಲಾಗಿಲ್ಲ. ಬಹುತೇಕ ಕಡೆ ಈಗಲೂ ಅದೇ ಕ್ರಮ. ಬೆಳಿಗ್ಗೆ ಮಣ್ಣಿನ ಮಿಶ್ರಣ: ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಪಾಲು, ಒಂದು ಹಿಡಿ ಬೇವಿನ ಹಿಂಡಿ. ಆಮೇಲೆ ಜೀವಾಮೃತ. ಊಟದ ನಂತರ ಬೇವಿನೆಣ್ಣೆ ಸಿಂಪಡಣೆ. ಸಂಜೆ ಒಂದು ಗ್ರೋ ಬ್ಯಾಗ್, ಐದಾರು ಬಗೆ ಬೀಜದ ಪೊಟ್ಟಣ ಕೈಗಿತ್ತು ಬೀಳ್ಕೊಡುಗೆ. ಇದರಲ್ಲಿ ತಪ್ಪೇನೂ ಇಲ್ಲ. ಗೊಬ್ಬರ ತಯಾರಿಯ ಪಾಠವನ್ನಂತೂ ನಮ್ಮ ಸಂಘಟಕರು ಬಹಳ ಚೆನ್ನಾಗಿ ಮಾಡುತ್ತಾರೆ. ಕೊರತೆ ಇರುವುದು ಋತುವಿನ ಪಾಠದಲ್ಲಿ. ಆ ಪೊಟ್ಟಣದಲ್ಲಿ ಟೊಮೆಟೊ, ಬೀನ್ಸ್, ಮೂಲಂಗಿ, ಪಾಲಕ್, ಕೊತ್ತಂಬರಿ ಇರುತ್ತವೆ. ಕಾರ್ಯಾಗಾರ ಜನವರಿಯಲ್ಲಿ ನಡೆದರೂ ಅದೇ ಪೊಟ್ಟಣ, ಮೇ ತಿಂಗಳಲ್ಲಿ ನಡೆದರೂ ಅದೇ ಪೊಟ್ಟಣ. ಹೊಸಬರು ಮನೆಗೆ ಹೋಗಿ ಬಿತ್ತುತ್ತಾರೆ, ಗಿಡ ಸೊಂಪಾಗಿ ಏಳುತ್ತದೆ, ಹೂ ಬಿಡುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡು ಕೈಬಿಡುತ್ತಾರೆ.

ಕೈಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹಗಲಿನ ಉಷ್ಣಾಂಶ 35 ಡಿಗ್ರಿ, ರಾತ್ರಿಯದು 24 ಡಿಗ್ರಿಯ ಆಸುಪಾಸು ದಾಟಿತೆಂದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಪರಾಗಸ್ಪರ್ಶವಾಗದ ಹೂ ತೊಟ್ಟಿನಿಂದ ಕಳಚಿ ಬೀಳುತ್ತದೆ. ಬೀನ್ಸ್, ಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಕೊತ್ತಂಬರಿ, ಪಾಲಕ್ ಸೆಕೆಗೆ ಎಲೆ ಬಿಡುವುದನ್ನೇ ನಿಲ್ಲಿಸಿ ಅವಸರದಲ್ಲಿ ಹೂಕಡ್ಡಿ ಎತ್ತುತ್ತವೆ. ತಾರಸಿಯಲ್ಲಿ ಈ ತೊಂದರೆ ಇಮ್ಮಡಿ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಹುಹೊತ್ತು ಬಿಸಿ ಉಗುಳುತ್ತದೆ. ಕಪ್ಪು ಗ್ರೋ ಬ್ಯಾಗಿನೊಳಗೆ ಬೇರಿನ ಸುತ್ತಲ ಮಣ್ಣು ಗಾಳಿಗಿಂತ ಹೆಚ್ಚು ಕಾಯುತ್ತದೆ. ಬಿಳಿ ಚೀಲ, ಚೀಲಗಳನ್ನು ಒತ್ತೊತ್ತಾಗಿ ಜೋಡಿಸುವುದು, ತಳಕ್ಕೆ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸುವುದು, ಪಶ್ಚಿಮದ ಬಿಸಿಲಿಗೆ ಅಡ್ಡಲಾಗಿ ಅರ್ಧ ನೆರಳಿನ ಶೇಡ್ ನೆಟ್ ಅಥವಾ ಒಂದು ಬಳ್ಳಿಯ ಚಪ್ಪರ: ಇವು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಸಂಗತಿಗಳು. ಆದರೂ ಹೇಳುವವರು ಕಡಿಮೆ.

ಇದಕ್ಕಿಂತ ದೊಡ್ಡ ಪಾಠ ಊಟದ ತಟ್ಟೆಯದ್ದು. ಬೇಸಿಗೆಯಲ್ಲಿ ಟೊಮೆಟೊ ಬೆಳೆಯಲು ಹರಸಾಹಸ ಮಾಡುವುದಕ್ಕಿಂತ ಬೇಸಿಗೆಗೆ ಒಗ್ಗುವುದನ್ನು ಬೆಳೆದು, ಅದನ್ನೇ ಉಣ್ಣಲು ಕಲಿಯುವುದು ಜಾಣತನ. ಕರಾವಳಿಯವರು ಹರಿವೆ, ಹಳೆ ಮೈಸೂರಿನವರು ದಂಟು, ಉತ್ತರ ಕರ್ನಾಟಕದವರು ರಾಜಗಿರಿ ಎನ್ನುವ ಸೊಪ್ಪಿನ ಕುಲ ಬಿಸಿಲನ್ನೇ ಹಬ್ಬ ಮಾಡಿಕೊಳ್ಳುತ್ತದೆ. ಬಿತ್ತಿ ಇಪ್ಪತ್ತೈದು–ಮೂವತ್ತು ದಿನಕ್ಕೆ ಕೊಯ್ಯಬಹುದು. ಹೆಸರಘಟ್ಟದ ‘ಅರ್ಕಾ ಸುಗುಣ’ ಎಂಬ ದಂಟಿನ ತಳಿ ಕತ್ತರಿಸಿದಷ್ಟೂ ಮತ್ತೆ ಚಿಗುರುತ್ತದೆ. ಪುಂಡಿ ಪಲ್ಲೆ ಕಲಬುರಗಿ, ರಾಯಚೂರಿನ ಬಿಸಿಲಿಗೇ ಜಗ್ಗದ ಗಿಡ, ಬೆಂಗಳೂರಿನ ಬಿಸಿಲು ಅದಕ್ಕೆ ಲೆಕ್ಕವೇ ಅಲ್ಲ. ಗೋರಿಕಾಯಿ, ಅಲಸಂದೆ, ಬೆಂಡೆ ಕಡಿಮೆ ನೀರಿನಲ್ಲಿ ಬದುಕುತ್ತವೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವ ನುಗ್ಗೆ, ಚಕ್ರಮುನಿ, ಬಸಳೆ, ಹೊನಗೊನ್ನೆ, ದೊಡ್ಡಪತ್ರೆ, ಕರಿಬೇವು ಯಾವ ತೋಟಕ್ಕಾದರೂ ಬೆನ್ನೆಲುಬು. ಯಾವ ವರ್ಷ ಯಾವ ಬಿತ್ತನೆ ಕೆಟ್ಟರೂ ಸಾರಿಗೊಂದು ಸೊಪ್ಪು ಇವು ಕೊಡುತ್ತವೆ. ಕಾರ್ಯಾಗಾರದ ಬೀಜದ ಪೊಟ್ಟಣದ ಜೊತೆಗೆ ಚಕ್ರಮುನಿಯದೊಂದು ಕಡ್ಡಿ, ಬಸಳೆಯದೊಂದು ತುಂಡು ಕೊಡುವವರು ನಿಜಕ್ಕೂ ಕೈತೋಟ ಬಲ್ಲವರು ಎಂದು ನಾನು ನಂಬಿದ್ದೇನೆ. ಸಾಧ್ಯವಾದರೆ ಜೊತೆಗೊಂದು ಅಡುಗೆಯನ್ನೂ ತೋರಿಸಬೇಕು. ಚಕ್ರಮುನಿ ತಂಬುಳಿ ಒಮ್ಮೆ ಬಾಯಿಗೆ ಹಿಡಿಸಿದ ಮನೆಯಲ್ಲಿ ಆ ಗಿಡ ಸಾಯುವುದಿಲ್ಲ.

ನೀರಿನ ಮಾತು ಬಂದಾಗ ಅಂದಾಜಿನ ಲೆಕ್ಕ ಎದುರಿಗಿಟ್ಟು ಕಲಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ತುಂಬು ಬೆಳೆದ ತರಕಾರಿ ತೋಟಕ್ಕೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ತೋಟ ಎಂದರೆ ದಿನಕ್ಕೆ ಸುಮಾರು 45 ಲೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನಷ್ಟು; 30x40 ನಿವೇಶನದ ಅಳತೆಯ ತಾರಸಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅದರಲ್ಲಿ ಬರೀ 5000 ಲೀಟರನ್ನು ಒಂದು ಟ್ಯಾಂಕಿನಲ್ಲಿ ಉಳಿಸಿಕೊಂಡರೆ ಆ ಪುಟ್ಟ ತೋಟ ನೂರು ದಿನ, ಅಂದರೆ ಫೆಬ್ರವರಿಯಿಂದ ಮೇ ವರೆಗಿನ ಕಷ್ಟದ ಕಾಲ ದಾಟುತ್ತದೆ. 2009ರಿಂದಲೇ ನಗರದಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ; ಜಯನಗರದಲ್ಲಿ ಅದಕ್ಕೆಂದೇ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಉದ್ಯಾನವೂ ಇದೆ. ಕೈತೋಟ ಕಲಿಸುವವರು ತಮ್ಮ ಶಿಬಿರದ ಅರ್ಧ ದಿನವನ್ನು ಅಲ್ಲಿ ಕಳೆದರೆ, ಮಳೆಕೊಯ್ಲು ಮತ್ತು ತೋಟ ಎಂಬ ಎರಡು ಬೇರೆ ಬೇರೆ ಪಾಠಗಳು ಒಂದಾಗುತ್ತವೆ.

ಅಡುಗೆಮನೆಯ ನೀರಿನ ವಿಷಯದಲ್ಲಿ ಎಚ್ಚರಿಕೆಯೂ ಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಅಮೃತ. ಏಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಶುದ್ಧೀಕರಣ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚು. ಬಟ್ಟೆ ತೊಳೆದ ನೀರಿನಲ್ಲಿ ಸೋಡಿಯಂ ತುಂಬಿರುತ್ತದೆ. ನೆಲದಲ್ಲಾದರೆ ಮಳೆ ಅದನ್ನು ತೊಳೆದು ಒಯ್ಯುತ್ತದೆ, ಕುಂಡದಲ್ಲಿ ಅದು ಜಮೆಯಾಗುತ್ತ ಹೋಗಿ ಎಲೆಯಂಚು ಸುಡುತ್ತದೆ. ನಮ್ಮ ಹಿರಿಯರು ಬಚ್ಚಲ ನೀರನ್ನು ಬಾಳೆಗೆ, ಕೆಸುವಿಗೆ, ಬಸಳೆಗೆ ಹರಿಸುತ್ತಿದ್ದುದು ನೆಲದಲ್ಲಿ. ಅದೂ ಸೀಗೆ, ಕಡಲೆಹಿಟ್ಟಿನ ಕಾಲದಲ್ಲಿ. ಅದನ್ನು ಈಗಿನ ಡಿಟರ್ಜೆಂಟಿಗೂ ಪ್ಲಾಸ್ಟಿಕ್ ಕುಂಡಕ್ಕೂ ಹಾಗೆಯೇ ಅನ್ವಯಿಸಲಾಗದು. ಮಣ್ಣಿನ ಮೇಲೆ ಎರಡಂಗುಲ ತರಗೆಲೆಯ ಹೊದಿಕೆ, ಕುಂಡದ ನಡುವೆ ಕುತ್ತಿಗೆಮಟ್ಟ ಹೂತ ಸುಣ್ಣ ಬಳಿಯದ ಮಣ್ಣಿನ ಕುಡಿಕೆ, ಊರಿಗೆ ಹೋದಾಗ ಬಕೆಟಿನಿಂದ ಕುಂಡಕ್ಕೆ ಇಳಿಬಿಟ್ಟ ಹತ್ತಿ ಬತ್ತಿ: ನೀರುಳಿಸುವ ಸಾಧನಗಳು ಇಷ್ಟು ಸರಳ. ಕುಡಿಕೆಗೆ ಮುಚ್ಚಳ ಹಾಕುವುದನ್ನು ಮರೆಯಬಾರದು, ಇಲ್ಲವಾದರೆ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

ಭಾರದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ. ನಮ್ಮ ಕಟ್ಟಡ ಮಾನಕಗಳ ಪ್ರಕಾರ ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ಅರ್ಧ ಅಡಿ ಆಳದ ತೋಟದ ಮಣ್ಣು ಮಳೆಗೆ ಪೂರ್ತಿ ನೆನೆದರೆ ಚದರ ಮೀಟರಿಗೆ 250ರಿಂದ 300 ಕಿಲೋ ತೂಗುತ್ತದೆ. ತಾರಸಿಯುದ್ದಕ್ಕೂ ಇಟ್ಟಿಗೆ ಕಟ್ಟೆ ಕಟ್ಟಿ ಮಣ್ಣು ತುಂಬಿದವರ ಮನೆಯಲ್ಲಿ ಸೋರುವಿಕೆಯಿಂದ ಆರಂಭವಾಗುವ ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಹಗುರ ಮಿಶ್ರಣ, ಗೋಡೆ ಮತ್ತು ತೊಲೆಯ ಮೇಲ್ಭಾಗದಲ್ಲಷ್ಟೇ ದೊಡ್ಡ ಕುಂಡ, ನೀರು ಹೊರಹೋಗುವ ಕೊಳವೆಗೆ ತಡೆಯಿಲ್ಲದ ದಾರಿ, ಹಳೆ ಮನೆಯಾದರೆ ಎಂಜಿನಿಯರರ ಅಭಿಪ್ರಾಯ. ಈ ನಾಲ್ಕನ್ನು ಹೇಳದೆ ಯಾವ ತಾರಸಿ ತೋಟದ ಕಾರ್ಯಾಗಾರವೂ ಮುಗಿಯಬಾರದು. ಒಂದು ದಿನದಲ್ಲಿ 111 ಮಿಲಿಮೀಟರ್ ಸುರಿಯುವ ಕಾಲದಲ್ಲಂತೂ ಇದನ್ನು ಬಿಡುವುದು ಅಪರಾಧ.

ಮಲೆನಾಡು, ಕರಾವಳಿಯ ಪಾಠವೇ ಬೇರೆ. ಅಲ್ಲಿ ಶತ್ರು ಬಿಸಿಲಿಗಿಂತ ಹೆಚ್ಚಾಗಿ ತೇವ. ಜೂನ್‌ನಲ್ಲಿ ಬಿತ್ತಿದ ಸಸಿ ಬುಡ ಕೊಳೆತು ಸಾಲಾಗಿ ಮಲಗುತ್ತದೆ. ಅದಕ್ಕೇ ಅಲ್ಲಿಯ ಹೆಣ್ಣುಮಕ್ಕಳು ಮೇ ಕೊನೆಯ ಬಿಡಿ ಮಳೆಗೇ ಬೀಜ ಹಾಕಿ, ಆರಿದ್ರಾ ಅಬ್ಬರಿಸುವ ಹೊತ್ತಿಗೆ ಗಿಡ ಗಟ್ಟಿಯಾಗಿರುವಂತೆ ನೋಡಿಕೊಳ್ಳುತ್ತಿದ್ದರು. ಈಗ ಆ ಬಿಡಿ ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮುಂಗಾರು ತಡವಾಗಿ ಕಾಲಿಟ್ಟು ಬಂದೊಡನೆ ಹುಚ್ಚೆದ್ದು ಸುರಿಯುವುದೂ ಉಂಟು. ಮಳೆ ನಕ್ಷತ್ರಗಳ ಲೆಕ್ಕವನ್ನು ಕಣ್ಣುಮುಚ್ಚಿ ನಂಬಿ ಬಿತ್ತುವ ಹಾಗಿಲ್ಲ. ಹೀಗಾಗಿ ಒಂದೇ ಬಾರಿಗೆ ಎಲ್ಲ ಬೀಜ ಮುಗಿಸದೆ ವಾರ ಹತ್ತು ದಿನದ ಅಂತರದಲ್ಲಿ ಮೂರು ಕಂತಿನಲ್ಲಿ ಬಿತ್ತುವುದು, ಸಸಿಮಡಿಯನ್ನು ಮಾಡಿನ ಕೆಳಗೆ ಮಾಡುವುದು, ಎತ್ತರದ ಓಳಿ ಏರಿಸಿ ಅದರ ಮೇಲೆ ನಾಟಿ, ಮಣ್ಣಿಗೆ ಟ್ರೈಕೋಡರ್ಮಾ ಬೆರೆತ ಗೊಬ್ಬರ ಇವೆಲ್ಲ ಆ ಭಾಗದ ಶಿಬಿರಗಳಲ್ಲಿ ಮುಖ್ಯ ಪಾಠವಾಗಬೇಕು. ಮಂಗನ ಕಾಟದ ಬಗ್ಗೆಯಂತೂ ಬೇರೆಯೇ ಶಿಬಿರ ಬೇಕೇನೋ. ಬೆಂಡೆ, ಸೌತೆ, ತೊಂಡೆಗಳನ್ನು ಮಂಗನಿಗೆ ಒಪ್ಪಿಸಿ ಬೇಸತ್ತ ಎಷ್ಟೋ ಮನೆಗಳು ಹಿತ್ತಿಲನ್ನೇ ಬಿಟ್ಟಿವೆ. ನೆಲದೊಳಗಿನ ಬೆಳೆಗಳಾದ ಸುವರ್ಣಗಡ್ಡೆ, ಕೆಸು, ಕೂವೆ, ಅರಿಸಿನ, ಶುಂಠಿಗಳಿಗೆ ಆ ಕಾಟ ಕಡಿಮೆ. ಮಳೆ ಹೆಚ್ಚು ಕಡಿಮೆಯಾದರೂ ಅವು ತಾಳಿಕೊಳ್ಳುತ್ತವೆ. ಜೋಯಿಡಾದ ಕುಣಬಿ ಸಮುದಾಯದವರು ಈ ಗೆಡ್ಡೆಗೆಣಸುಗಳ ತಳಿವೈವಿಧ್ಯವನ್ನು ಉಳಿಸಿಕೊಂಡು ಬಂದಿದ್ದಾರೆ. ಸಹಜ ಸಮೃದ್ಧ ಬಳಗ ನಡೆಸುವ ಗೆಡ್ಡೆಗೆಣಸು ಮೇಳಗಳಲ್ಲಿ ಅವುಗಳ ಬಣ್ಣ, ಆಕಾರ ನೋಡಿದವರಿಗೆ ಆಲೂಗಡ್ಡೆಯೊಂದನ್ನೇ ನಂಬಿ ಕೂತ ನಮ್ಮ ಅಡುಗೆಮನೆಯ ಬಡತನ ತಿಳಿಯುತ್ತದೆ.

ಇಷ್ಟೆಲ್ಲದರ ಬೇರು ಬೀಜದಲ್ಲಿದೆ. ಕಾರ್ಯಾಗಾರಗಳನ್ನು ಅಳೆಯಲು ಒಂದೇ ಅಳತೆಗೋಲು ಹೇಳಿ ಎಂದರೆ ನಾನು ಇದನ್ನು ಕೇಳುತ್ತೇನೆ: ಬಂದವರು ಮರುವರ್ಷ ತಮ್ಮದೇ ಬೀಜ ಬಿತ್ತಿದರೇ?

2001ರಲ್ಲಿ ಶಿರಸಿಯಲ್ಲಿ ಸುನೀತಾ ರಾವ್ ಅವರ ಮುಂದಾಳತ್ವದಲ್ಲಿ ಮಲೆನಾಡಿನ ಮಹಿಳೆಯರು ಸೇರಿ ಕಟ್ಟಿದ ‘ವನಸ್ತ್ರೀ’ ಈ ದಿಕ್ಕಿನಲ್ಲಿ ಮಾಡಿರುವ ಕೆಲಸಕ್ಕೆ ಸಮನಾದದ್ದು ಕಡಿಮೆ. ಅಲ್ಲಿ ಪಾಠ ಹೇಳುವವರು ಹಿತ್ತಲಿನಲ್ಲೇ ಆಯುಷ್ಯ ಕಳೆದ ಗೃಹಿಣಿಯರು. ಒಬ್ಬರ ಮನೆಯ ಮೊಗೆಸೌತೆ ಬೀಜ ಇನ್ನೊಬ್ಬರ ಮನೆಗೆ, ಅವರ ಮನೆಯ ಅವರೆ ಇವರ ಮನೆಗೆ. ಮಲೆನಾಡ ಮೇಳದಲ್ಲಿ ಬೀಜ ಕೈದಾಟುವಾಗ ಜೊತೆಗೆ ಮಾತೂ ದಾಟುತ್ತದೆ: ಇದು ನೆರಳಿಗಾಗುತ್ತದೆ, ಇದಕ್ಕೆ ಮಳೆ ತಾಗಿಸಬೇಡ, ಇದನ್ನು ಎಳೆಯದಾಗಿರುವಾಗಲೇ ಕೊಯ್ಯಿ. ಆ ಮಾತು ಪೊಟ್ಟಣದ ಮೇಲೆ ಅಚ್ಚಾಗಿರುವುದಿಲ್ಲ. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಸೌತೆ, ಕುಂಬಳದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯೊಂದಿಗೆ ಗೋಡೆಗೆ ತಟ್ಟಿ ಇಡುತ್ತಿದ್ದರು. ಬೂದಿ ತೇವ ಹೀರುತ್ತದೆ, ಹುಳ ಹತ್ತುವುದಿಲ್ಲ, ಒಲೆಯ ಕಾವು ತಾಗಿ ಮಳೆಗಾಲದಲ್ಲೂ ಬೀಜ ಮುಗ್ಗುವುದಿಲ್ಲ. ಇಂದಿನ ಸಿಮೆಂಟು ಮನೆಯಲ್ಲಿ ಅದೇ ಕೆಲಸಕ್ಕೆ ಗಾಜಿನ ಶೀಶೆ, ತಳದಲ್ಲಿ ಒಂದಿಷ್ಟು ಬೂದಿ, ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ, ಬಿಗಿ ಮುಚ್ಚಳ ಸಾಕು.

ಬೀಜ ಉಳಿಸುವುದನ್ನು ಸುಲಭದಿಂದ ಕಷ್ಟದ ಕಡೆಗೆ ಕಲಿಸಬೇಕು. ಅವರೆ, ಬೀನ್ಸ್, ಅಲಸಂದೆ, ಟೊಮೆಟೊ ತಮ್ಮ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವಂಥವು. ಅಕ್ಕಪಕ್ಕ ಬೇರೆ ತಳಿ ಇದ್ದರೂ ಬೆರಕೆಯಾಗುವುದು ಕಡಿಮೆ. ಹೊಸಬರು ಇಲ್ಲಿಂದ ಶುರು ಮಾಡಬಹುದು. ಬದನೆ, ಬೆಂಡೆ, ಮೆಣಸಿನಲ್ಲಿ ಸ್ವಲ್ಪ ಬೆರಕೆ ಉಂಟು. ಹೂ ಅರಳುವ ಮುನ್ನ ತೆಳು ಬಟ್ಟೆಯ ಚೀಲ ಕಟ್ಟಿದರೆ ಆಯಿತು. ಸೌತೆ, ಸೋರೆ, ಹೀರೆ, ಕುಂಬಳದ ಜಾತಿ ಪೂರ್ತಿ ಜೇನುನೊಣದಂಥ ಕೀಟಗಳ ಕೃಪೆಯಲ್ಲಿರುವಂಥದ್ದು. ಅಲ್ಲಿ ಕೈ ಪರಾಗಸ್ಪರ್ಶ ಬೇಕು. ಕುಂಬಳದ ಹೂ ಬೆಳಗಿನ ಜಾವ ಅರಳುತ್ತದೆ. ಸೋರೆ, ಹೀರೆ ಸಂಜೆ ಬಿರಿಯುತ್ತವೆ. ನಾಳೆ ಬೆಳಿಗ್ಗೆ ಅರಳಲಿರುವ, ತುದಿ ಹಳದಿಗೆ ತಿರುಗಿದ ಕುಂಬಳದ ಮೊಗ್ಗನ್ನು ಇಂದೇ ಸಂಜೆ ಗುರುತಿಸಿ ಒಂದು ಗಂಡು, ಒಂದು ಹೆಣ್ಣು ಎರಡರ ಬಾಯಿಗೂ ದಾರ ಸುತ್ತಬೇಕು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಆಗಲೇ ಕುಳಿತಿರುತ್ತದೆ, ಗುರುತು ಸುಲಭ. ಬೆಳಿಗ್ಗೆ ದಾರ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒತ್ತಿ, ಮತ್ತೆ ಹೆಣ್ಣು ಹೂವಿನ ಬಾಯಿ ಕಟ್ಟಬೇಕು. ತೊಟ್ಟಿಗೊಂದು ಕೆಂಪು ದಾರದ ಗುರುತು. ಆ ಕಾಯನ್ನು ಯಾರೂ ಸಾರಿಗೆ ಕೊಯ್ಯುವಂತಿಲ್ಲ. ಬಳ್ಳಿಯಲ್ಲೇ ಪೂರ್ತಿ ಬಲಿಯಬೇಕು. ಇದನ್ನು ಒಮ್ಮೆ ತಮ್ಮ ಕೈಯಾರೆ ಮಾಡಿದವರ ಕಣ್ಣಲ್ಲಿ ಕಾಣುವ ಸಂತೋಷ ಯಾವ ಉಪನ್ಯಾಸದಿಂದಲೂ ಬರುವಂಥದ್ದಲ್ಲ. ಜೇನುನೊಣ ಕಡಿಮೆಯಾಗಿರುವ ನಗರಗಳಲ್ಲಿ ಬೀಜಕ್ಕಷ್ಟೇ ಅಲ್ಲ, ಕಾಯಿಗೂ ಈಗ ಈ ವಿದ್ಯೆ ಬೇಕಾಗಿದೆ.

ಸಂಶೋಧನಾ ಸಂಸ್ಥೆಗಳ ತಳಿಯೋ ನಾಟಿ ಬೀಜವೋ ಎಂಬ ಜಗಳ ಕೈತೋಟದ ವೇದಿಕೆಗಳಲ್ಲಿ ಆಗಾಗ ಏಳುತ್ತದೆ. ನನ್ನ ದೃಷ್ಟಿಯಲ್ಲಿ ಆ ಜಗಳ ಅನಗತ್ಯ. ಹೆಸರಘಟ್ಟದ ‘ಅರ್ಕಾ ಅನಾಮಿಕ’ ಬೆಂಡೆ ಹಳದಿ ನರ ರೋಗವನ್ನು ತಡೆದುಕೊಳ್ಳಲೆಂದೇ ಬಂದ ತಳಿ, ಬೀಜ ಉಳಿಸಿಕೊಳ್ಳಬಹುದು. ‘ಅರ್ಕಾ ವಿಕಾಸ್’ ಟೊಮೆಟೊ ನೀರಿನ ಕೊರತೆ ತಾಳುತ್ತದೆ; ಅದರದೂ ಬೀಜ ಉಳಿಸಬಹುದು. ‘ಅರ್ಕಾ ರಕ್ಷಕ್’ ಮೂರು ರೋಗಗಳಿಗೆ ಎದೆಯೊಡ್ಡುವ ಅದ್ಭುತ ಟೊಮೆಟೊ, ಆದರೆ ಹೈಬ್ರಿಡ್. ಅದರ ಬೀಜ ಮರುವರ್ಷ ಅದೇ ಗುಣ ಕೊಡುವುದಿಲ್ಲ. ಈ ವ್ಯತ್ಯಾಸವನ್ನು ಕಲಿಯುವವರಿಗೆ ತಿಳಿಸಿ, ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದುಬಿಟ್ಟರೆ ಸಾಕು. ನಾಟಿ ತಳಿಯ ಬಲ ಬೇರೆ ಕಡೆ ಇದೆ. ಉಡುಪಿಯ ಮಟ್ಟುವಿನ ಮಣ್ಣಿಗೆ, ಗಾಳಿಗೆ ಒಗ್ಗಿ ಮಟ್ಟುಗುಳ್ಳ ಬದನೆ ತಲೆಮಾರುಗಳಿಂದ ಉಳಿದು 2011ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಹಾಗೆ ನಮ್ಮ ತಾರಸಿಯಲ್ಲಿ ನಾಲ್ಕಾರು ವರ್ಷ ಬದುಕಿದ ಬೀಜ ನಮ್ಮ ತಾರಸಿಯ ಬಿಸಿಲನ್ನು ಬಲ್ಲದ್ದಾಗುತ್ತದೆ. ಪ್ರತಿವರ್ಷ ಚೆನ್ನಾಗಿ ತಾಳಿದ ಗಿಡದಿಂದಲೇ ಬೀಜ ಹಿಡಿದರೆ ಮನೆಯೊಡತಿಯೇ ತಳಿವಿಜ್ಞಾನಿ.

ಗ್ರಾಮಗಳತ್ತ ನೋಡಿದರೆ ಚಿತ್ರ ಬೇರೆ. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದ ನಂತರ ಅಂಗನವಾಡಿಗಳ ಅಂಗಳದಲ್ಲಿ ಪೌಷ್ಟಿಕ ತೋಟಗಳಿಗೆ ಒತ್ತು ಬಂದಿದೆ. ಉದ್ದೇಶ ಒಳ್ಳೆಯದು. ಆದರೆ ಬೇಲಿಯಿಲ್ಲದ ಕಡೆ ದನ, ಕೋಳಿ ತಿಂದುಹೋಗುತ್ತವೆ. ಬೇಸಿಗೆಯಲ್ಲಿ ನೀರು ತರುವ ಹೊರೆ ಮತ್ತೆ ಕಾರ್ಯಕರ್ತೆಯ ತಲೆಯ ಮೇಲೆಯೇ. ಕೈತೋಟ ಎಂದೊಡನೆ ಅದು ಹೆಣ್ಣಿನ ಕೆಲಸ ಎಂದುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ದೊಡ್ಡ ತೊಡಕು. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವಳಿಗೆ ಇನ್ನೊಂದು ಕೆಲಸ ಹೊರಿಸಿ ಅದಕ್ಕೆ ಸಬಲೀಕರಣ ಎಂದು ಹೆಸರಿಡುವುದು ನ್ಯಾಯವಲ್ಲ. ಶಿಬಿರಕ್ಕೆ ಗಂಡಂದಿರನ್ನೂ ಮಕ್ಕಳನ್ನೂ ಕರೆಯಬೇಕು. ಬೇಲಿ, ನೀರಿನ ವ್ಯವಸ್ಥೆ ಮೊದಲು ಆಗಬೇಕು, ಬೀಜ ಆಮೇಲೆ. ಹಳೆ ಮೈಸೂರಿನ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿನ ಅವರೆ, ಅಲಸಂದೆಯೂ, ಬದುವಿನ ಬೆರಕೆ ಸೊಪ್ಪೂ ಮನೆಗೆ ಬರುತ್ತಿದ್ದ ಕಾಲದಲ್ಲಿ ಪೌಷ್ಟಿಕ ತೋಟವನ್ನು ಬೇರೆಯಾಗಿ ಕಟ್ಟಬೇಕಾಗಿರಲಿಲ್ಲ. ಒಂದೇ ಬೆಳೆಯ ಹೊಲ ಮತ್ತು ಕಳೆನಾಶಕ ಬಂದ ಮೇಲೆ ಆ ಸೊಪ್ಪು ಹೋಯಿತು. ಹಳ್ಳಿಯ ಕಾರ್ಯಾಗಾರ ಹಿತ್ತಿಲಿಗೆ ನಿಲ್ಲದೆ ಹೊಲದ ಅಕ್ಕಡಿ ಸಾಲಿಗೂ ಹೋಗಬೇಕು ಎನ್ನುವುದು ಇದಕ್ಕೇ.

ನಗರದಲ್ಲಿ ಇನ್ನೊಂದು ಅಸಮಾನತೆ ಇದೆ. ತಾರಸಿ ಯಾರದು? ಬಾಡಿಗೆದಾರರಿಗೆ ಮಾಲೀಕರ ಅನುಮತಿ ಬೇಕು. ಅಪಾರ್ಟ್‌ಮೆಂಟಿನಲ್ಲಿ ಸಂಘದ ಒಪ್ಪಿಗೆ ಬೇಕು. ಶೀಟಿನ ಮನೆಯಲ್ಲಿರುವವರಿಗೆ ತಾರಸಿಯೇ ಇಲ್ಲ. ತರಕಾರಿ ಬೆಲೆ ಏರಿದಾಗ ಹೆಚ್ಚು ಪೆಟ್ಟು ತಿನ್ನುವವರು ಇವರೇ. ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ ನಿಂತ ಗೋಣಿಚೀಲದ ಸುತ್ತ ತೂತು ಮಾಡಿ ಸೊಪ್ಪು ಬೆಳೆಯುತ್ತಾರೆ. ಬಾಂಗ್ಲಾದೇಶದ ತಗ್ಗು ಜಿಲ್ಲೆಗಳಲ್ಲಿ ನೆರೆ ನೀರಿನ ಮೇಲೆ ಅಂತರಗಂಗೆಯ ತೆಪ್ಪ ಕಟ್ಟಿ ತೇಲುವ ತೋಟ ಮಾಡುತ್ತಾರೆ. ನಮ್ಮಲ್ಲೂ ಬಡಾವಣೆಯ ಉದ್ಯಾನದ ಒಂದು ಮೂಲೆ, ಸರ್ಕಾರಿ ಶಾಲೆಯ ತಾರಸಿ, ಸಮುದಾಯ ಭವನದ ಅಂಗಳಗಳನ್ನು ಹಂಚಿಕೊಂಡು ಬೆಳೆಯಲು ಬಿಟ್ಟುಕೊಡುವ ಮನಸ್ಸು ಪಾಲಿಕೆಗೆ ಬರಬೇಕು.

ಕೈತೋಟದಿಂದ ಏನೆಲ್ಲ ಆಗುತ್ತದೆ ಎಂಬುದರ ಬಗ್ಗೆ ಉತ್ಪ್ರೇಕ್ಷೆಯೂ ಬೇಡ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಕೈತೋಟ, ಮೀನು, ಹೈನುಗಾರಿಕೆಯಂಥ ಯೋಜನೆಗಳ 23 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಆ ಮನೆಗಳವರು ಆಯಾ ಆಹಾರವನ್ನು ಹೆಚ್ಚು ಬೆಳೆದದ್ದು, ಹೆಚ್ಚು ತಿಂದದ್ದು ಕಂಡುಬಂತು. ಮಕ್ಕಳ ಕುಂಠಿತ ಬೆಳವಣಿಗೆ ತಗ್ಗಿತು ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೊಬ್ಬರಿಗೆ ಹಣ್ಣು ತರಕಾರಿ ಸೇರಿ 400 ಗ್ರಾಂ ಬೇಕು. ನಾಲ್ಕು ಜನರ ಮನೆಗೆ ಅಷ್ಟನ್ನು ಹತ್ತಡಿ ತಾರಸಿ ಕೊಡಲಾರದು. ಸೊಪ್ಪು, ಕರಿಬೇವು, ಹಸಿಮೆಣಸು, ವಾರಕ್ಕೆ ಒಂದೆರಡು ಹೊತ್ತಿನ ಪಲ್ಯ ಕೊಟ್ಟೀತು. ಅಷ್ಟೇ ಆದರೂ ಮಾರುಕಟ್ಟೆ ಕೈಕೊಟ್ಟ ವಾರದಲ್ಲಿ ಅದರ ಬೆಲೆ ಬೇರೆ. ಬೆಳೆಯುವುದು ಎಷ್ಟು ಕಷ್ಟ ಎಂದು ತಿಳಿದವರು ಕೋಲಾರದ ರೈತ ರಸ್ತೆಗೆ ಟೊಮೆಟೊ ಸುರಿದಾಗ ಅದನ್ನು ಬರೀ ಸುದ್ದಿಯಾಗಿ ಓದಲಾರರು.

ಕಂಡಷ್ಟರಲ್ಲಿ ನನಗೆ ಸ್ಪಷ್ಟವಾಗಿರುವ ತೀರ್ಮಾನ ಇದು: ಒಂದು ದಿನದ ಕಾರ್ಯಾಗಾರ ಉತ್ಸಾಹ ಕೊಡುತ್ತದೆ, ತೋಟ ಕೊಡುವುದಿಲ್ಲ. ಮೆಣಸಿನ ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ ಎಂಬುದನ್ನು ಜನವರಿಯ ಸ್ಲೈಡಿನಲ್ಲಿ ತೋರಿಸಿದರೆ ಏಪ್ರಿಲ್‌ನಲ್ಲಿ ನೆನಪಿರುವುದಿಲ್ಲ. ಏಪ್ರಿಲ್‌ನಲ್ಲಿ, ಮುದುಡಿದ ಎಲೆ ಕೈಯಲ್ಲಿ ಹಿಡಿದು ನಿಂತಾಗ ಪಕ್ಕದಲ್ಲಿ ಬಲ್ಲವರೊಬ್ಬರು ಇರಬೇಕು. ಬಾಳಿಕೊಂಡು ಬಂದ ಬಳಗಗಳೆಲ್ಲ ಇದನ್ನು ಅರಿತಿವೆ. ಶಿಕ್ಷಕರೊಬ್ಬರು ಬಂದು ಹೋಗುವುದಕ್ಕಿಂತ, ಬೀದಿಗೊಬ್ಬರು ಹಳಬರು ಇರುವುದು ಮುಖ್ಯ ಎಂಬುದೇ ವನಸ್ತ್ರೀಯವರ ದಾರಿ, ವಿಶ್ವನಾಥರ ಶಿಷ್ಯರ ದಾರಿ.

ಆದ್ದರಿಂದ ಮುಂದಿನ ಬಾರಿ ಕಾರ್ಯಾಗಾರ ಏರ್ಪಡಿಸುವ ಸಂಘದವರಲ್ಲಿ, ಇಲಾಖೆಯವರಲ್ಲಿ, ಶಾಲೆಯವರಲ್ಲಿ ಒಂದು ಮನವಿ. ಆಹ್ವಾನದಲ್ಲಿ ಒಂದು ದಿನಾಂಕದ ಬದಲು ನಾಲ್ಕು ಹಾಕಿ: ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಂದು, ಸಸಿ ಕೊಳೆಯುವ ಜುಲೈನಲ್ಲಿ ಒಂದು, ಬೀಜ ಹಿಡಿಯುವ ಡಿಸೆಂಬರ್‌ನಲ್ಲಿ ಒಂದು, ನೀರು ತೀರುವ ಮಾರ್ಚ್‌ನಲ್ಲಿ ಒಂದು. ಕೊನೆಯ ದಿನ ಬರುವವರು ತಮ್ಮ ಮನೆಯ ಬೀಜ ಒಂದು ಹಿಡಿ ತರಲಿ. ಕಲಿಯುವ ಮನಸ್ಸಿರುವ ಓದುಗರು ಅಲ್ಲಿಯವರೆಗೆ ಕಾಯಬೇಕಿಲ್ಲ. ಪರಿಚಯದವರ ಮನೆಯಿಂದ ಬಸಳೆಯದೊಂದು ತುಂಡು ಕೇಳಿ ತಂದು ಇವತ್ತೇ ನೆಡಬಹುದು.